ಪೇವಾಲ್ ಎದುರಾದರೆ ಇನ್ನೊಂದು ಪ್ರತಿ ಹುಡುಕಿ

ಬೇಕಾದ ಸಂಶೋಧನಾ ಲೇಖನ ಸಿಕ್ಕಿತು ಅನ್ನುವಷ್ಟರಲ್ಲಿ ಪರದೆಯ ಮೇಲೆ ದುಡ್ಡು ಕಟ್ಟಿ ಎಂಬ ಸೂಚನೆ, ಅಂದರೆ ಪೇವಾಲ್, ಬರುತ್ತದೆ. ಆಗ ಕೆಲವರು ಆ ಲೇಖನವನ್ನೇ ಕೈಬಿಡುತ್ತಾರೆ. ಇನ್ನು ಕೆಲವರು ಸಾರಾಂಶ ಮಾತ್ರ ಓದಿ, ಇಡೀ ಲೇಖನ ಓದಿದವರಂತೆ ಉಲ್ಲೇಖಿಸುತ್ತಾರೆ. ಸಂಶೋಧನಾ ಲೈಬ್ರರಿಯಲ್ಲಿ ಕೆಲಸ ಮಾಡುವ ನನಗೆ ಈ ಎರಡನೆಯದೇ ಜಾಸ್ತಿ ಚಿಂತೆ. ಅಧ್ಯಯನದಲ್ಲಿ ಎಷ್ಟು ಜನ ಇದ್ದರು, ಯಾರನ್ನು ಹೊರಗಿಟ್ಟರು, ಫಲಿತಾಂಶ ಎಷ್ಟು ಗಟ್ಟಿ ಎಂಬುದೆಲ್ಲ ಪೂರ್ತಿಯಾಗಿ ತಿಳಿಯುವುದು ಒಳಗಿನ ಪುಟಗಳಲ್ಲೇ.

ಒಂದೇ ಲೇಖನಕ್ಕೆ ಸಾಮಾನ್ಯವಾಗಿ ಮೂರು ರೂಪ ಇರುತ್ತವೆ. ಜರ್ನಲ್‌ಗೆ ಕಳಿಸುವ ಮುಂಚಿನದು ಪ್ರಿಪ್ರಿಂಟ್. ತಜ್ಞರ ವಿಮರ್ಶೆ ಮುಗಿದು, ತಿದ್ದುಪಡಿ ಆಗಿ, ಜರ್ನಲ್ ಒಪ್ಪಿಕೊಂಡದ್ದು ಅಂಗೀಕೃತ ಹಸ್ತಪ್ರತಿ. ಪುಟ ವಿನ್ಯಾಸ ಮಾಡಿ ಪ್ರಕಟಿಸಿದ್ದು ಅಂತಿಮ ಆವೃತ್ತಿ. ಪ್ರಕಾಶಕರು ದುಡ್ಡು ಕೇಳುವುದು ಈ ಮೂರನೆಯದಕ್ಕೆ. ಮೊದಲೆರಡನ್ನು ಸಾರ್ವಜನಿಕವಾಗಿ ಇಡಲು ಬಹಳಷ್ಟು ಪ್ರಕಾಶಕರು ಲೇಖಕರಿಗೆ ಅನುಮತಿ ಕೊಡುತ್ತಾರೆ. ಅಂಗೀಕೃತ ಪ್ರತಿಗೆ ಎಷ್ಟೋ ಸಲ ಆರು ತಿಂಗಳಿಂದ ಎರಡು ವರ್ಷದವರೆಗೆ ಕಾಯುವ ಅವಧಿ ಇರುತ್ತದೆ, ಅಷ್ಟೆ. ಓದುವವರ ಪಾಲಿಗೆ ಈ ಎರಡನೆಯ ರೂಪ ತುಂಬಾ ಬೆಲೆಬಾಳುವಂಥದ್ದು. ವಿಷಯ ಹೆಚ್ಚುಕಡಿಮೆ ಅದೇ, ವ್ಯತ್ಯಾಸ ಇರುವುದು ಮುಖ್ಯವಾಗಿ ವಿನ್ಯಾಸದಲ್ಲಿ ಮತ್ತು ಪುಟಸಂಖ್ಯೆಯಲ್ಲಿ.

ಹಾಗಾಗಿ ಲೇಖನದ ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿ. ಬಲಗಡೆ ಪಿಡಿಎಫ್ ಕೊಂಡಿ ಕಾಣದಿದ್ದರೂ ನಿಲ್ಲಬೇಡಿ. ಫಲಿತಾಂಶದ ಕೆಳಗೆ ಎಲ್ಲ ಆವೃತ್ತಿಗಳನ್ನೂ ತೋರಿಸುವ ಸಣ್ಣ ಕೊಂಡಿ ಇರುತ್ತದೆ. ಜನ ಅದನ್ನು ನೋಡುವುದೇ ಇಲ್ಲ. ವಿಶ್ವವಿದ್ಯಾಲಯದ ರೆಪಾಸಿಟರಿಯಲ್ಲಿ, ಅಂದರೆ ಅದರ ಆನ್‌ಲೈನ್ ಸಂಗ್ರಹದಲ್ಲಿ, ಇರುವ ಪ್ರತಿ ಎಷ್ಟೋ ಸಲ ಅಲ್ಲೇ ಅಡಗಿರುತ್ತದೆ. ಜೊತೆಗೆ ಬ್ರೌಸರ್‌ಗೆ ಅನ್‌ಪೇವಾಲ್ ಎಂಬ ಉಚಿತ ಎಕ್ಸ್‌ಟೆನ್ಶನ್ ಹಾಕಿಕೊಳ್ಳಿ. 2017ರಲ್ಲಿ ಬಂದ ಇದು ಲೇಖನದ ಡಿಒಐ ಸಂಖ್ಯೆ (ಲೇಖನಕ್ಕೆ ಕೊಡುವ ಶಾಶ್ವತ ಗುರುತು) ಹಿಡಿದು, ಕಾನೂನುಬದ್ಧವಾಗಿ ಇಟ್ಟ ಪ್ರತಿ ಎಲ್ಲಾದರೂ ಇದೆಯೇ ಎಂದು ನೋಡುತ್ತದೆ. ಇದ್ದರೆ ಪುಟದ ಬದಿಯಲ್ಲಿ ಹಸಿರು ಬೀಗದ ಗುರುತು ಬರುತ್ತದೆ.

ಯಾವ ಕ್ಷೇತ್ರ ಎಂಬುದರ ಮೇಲೆ ಮುಂದಿನ ದಾರಿ. ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ವಿಜ್ಞಾನದವರಿಗೆ 1991ರಲ್ಲಿ ಶುರುವಾದ ಆರ್ಕೈವ್ ಎಂಬ ಉಚಿತ ಪ್ರಿಪ್ರಿಂಟ್ ತಾಣ ಇದೆ. ಜೀವವಿಜ್ಞಾನಕ್ಕೆ ಬಯೋಆರ್ಕೈವ್ 2013ರಲ್ಲಿ, ವೈದ್ಯಕೀಯಕ್ಕೆ ಮೆಡ್‌ಆರ್ಕೈವ್ 2019ರಲ್ಲಿ ಬಂತು. ವೈದ್ಯಕೀಯದವರು ಪಬ್‌ಮೆಡ್ ಸೆಂಟ್ರಲ್ ಎಂಬ ಉಚಿತ ಲೇಖನ ಸಂಗ್ರಹವನ್ನು ಮರೆಯಬಾರದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಅನುದಾನದಿಂದ ನಡೆದ ಸಂಶೋಧನೆ ಅಲ್ಲಿ ಸಿಗುತ್ತದೆ. ಮೊದಲು ಹನ್ನೆರಡು ತಿಂಗಳವರೆಗೂ ಕಾಯಬೇಕಾಗುತ್ತಿತ್ತು. 2025ರ ಜುಲೈ 1ರಿಂದ ಒಪ್ಪಿಗೆಯಾದ ಹಸ್ತಪ್ರತಿಗಳು ಪ್ರಕಟಣೆಯ ದಿನವೇ ಎಲ್ಲರಿಗೂ ಸಿಗಬೇಕು ಎಂಬ ನಿಯಮ ಬಂದಿದೆ. ಇದು ದೊಡ್ಡ ಹೆಜ್ಜೆ. ಜನರ ತೆರಿಗೆಯಲ್ಲಿ ನಡೆದ ಕೆಲಸವನ್ನು ಓದಲು ಜನ ಮತ್ತೆ ದುಡ್ಡು ಕೊಡಬೇಕಾಗಿರುವುದು ನ್ಯಾಯವಲ್ಲ ಎಂದೇ ನನ್ನ ನಂಬಿಕೆ.

ಅರ್ಥಶಾಸ್ತ್ರದಲ್ಲಿ ಒಂದು ಎಚ್ಚರ ಬೇಕು. ಅಲ್ಲಿ ಲೇಖನಗಳು ಜರ್ನಲ್‌ಗೆ ಹೋಗುವ ಮುಂಚೆ ವರ್ಷಗಟ್ಟಲೆ ವರ್ಕಿಂಗ್ ಪೇಪರ್ ಆಗಿ, ಅಂದರೆ ಕರಡು ರೂಪದಲ್ಲಿ, ಓಡಾಡುತ್ತವೆ, ಅಷ್ಟರಲ್ಲಿ ಶೀರ್ಷಿಕೆಯೂ ಬದಲಾಗಿರಬಹುದು. ಶೀರ್ಷಿಕೆಯಿಂದ ಸಿಗದಿದ್ದರೆ ಲೇಖಕರ ಹೆಸರು ಹಾಕಿ ಇಂಥ ಪೇಪರ್‌ಗಳು ಸಿಗುವ ಎಸ್‌ಎಸ್‌ಆರ್‌ಎನ್ ಅಥವಾ ರೆಪೆಕ್ ತಾಣದಲ್ಲಿ ನೋಡಿ.

ಸ್ವಲ್ಪ ಹಳೆಯ ಲೇಖನವಾದರೆ ಜರ್ನಲ್ ತಾನೇ ಬಾಗಿಲು ತೆರೆದಿರಬಹುದು. ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ತನ್ನ ಸಂಶೋಧನಾ ಲೇಖನಗಳನ್ನು ಆರು ತಿಂಗಳ ನಂತರ ಹೆಸರು ನೋಂದಾಯಿಸಿದವರಿಗೆ ಉಚಿತವಾಗಿ ಕೊಡುತ್ತದೆ. ಜೆಸ್ಟೋರ್ ಎಂಬ ಜರ್ನಲ್ ಸಂಗ್ರಹದಲ್ಲೂ ಉಚಿತ ಖಾತೆ ತೆರೆದು ಸಾಕಷ್ಟು ಲೇಖನಗಳನ್ನು ಆನ್‌ಲೈನ್‌ನಲ್ಲೇ ಓದಬಹುದು. ಇನ್ನೊಂದು ದಾರಿ ಹೆಚ್ಚಿನವರಿಗೆ ಗೊತ್ತೇ ಇಲ್ಲ. ವಿಕಿಪೀಡಿಯದಲ್ಲಿ 500 ಸಂಪಾದನೆ ಮಾಡಿ, ಖಾತೆಗೆ ಆರು ತಿಂಗಳು ತುಂಬಿ, ಈಗಲೂ ಸಕ್ರಿಯವಾಗಿರುವವರಿಗೆ ವಿಕಿಪೀಡಿಯ ಲೈಬ್ರರಿಯ ಮೂಲಕ ಅನೇಕ ದೊಡ್ಡ ಸಂಗ್ರಹಗಳು ತೆರೆದುಕೊಳ್ಳುತ್ತವೆ.

ನೀವು ಯಾವುದಾದರೂ ಸಂಸ್ಥೆಯಲ್ಲಿದ್ದರೆ ಲೈಬ್ರರಿಯವರನ್ನು ಕೇಳಲು ಹಿಂಜರಿಯಬೇಡಿ. ಎಷ್ಟೋ ಸಲ ಸಂಸ್ಥೆ ಚಂದಾ ಕಟ್ಟಿರುತ್ತದೆ, ಆದರೆ ಮನೆಯಿಂದ ತೆರೆದಾಗ ಲಾಗಿನ್ ಆಗಿಲ್ಲದ್ದರಿಂದ ಪೇವಾಲ್ ಕಾಣುತ್ತದೆ. ಚಂದಾ ಇಲ್ಲದಿದ್ದರೆ ಇಂಟರ್‌ಲೈಬ್ರರಿ ಲೋನ್ ಮೂಲಕ ಬೇರೆ ಕಡೆಯಿಂದ ತರಿಸಬಹುದು. ಇದು ನಮ್ಮ ಕೆಲಸ, ಉಪಕಾರವಲ್ಲ.

ಎಲ್ಲೂ ಸಿಗದಿದ್ದರೆ ಲೇಖಕರಿಗೇ ಬರೆಯಿರಿ. ಇಲ್ಲಿಗೆ ಬಂದಾಗ ಹೊಸ ಸಂಶೋಧಕರು ಸಂಕೋಚಪಡುತ್ತಾರೆ. ಅಷ್ಟು ದೊಡ್ಡವರಿಗೆ ಹೇಗೆ ಬರೆಯೋದು ಅನ್ನುತ್ತಾರೆ. ನೀವು ಕೊಡುವ ದುಡ್ಡಿನಲ್ಲಿ ಜರ್ನಲ್ ಲೇಖನದ ಲೇಖಕರಿಗೆ ಸಾಮಾನ್ಯವಾಗಿ ಒಂದು ಪೈಸೆಯೂ ಹೋಗುವುದಿಲ್ಲ. ಅವರಿಗೆ ಬೇಕಿರುವುದು ತಮ್ಮ ಕೆಲಸವನ್ನು ಯಾರಾದರೂ ಓದುವುದು. ಕೇಳಿದವರಿಗೆ ಒಂದು ಪ್ರತಿ ಖಾಸಗಿಯಾಗಿ ಕಳಿಸಲು ಹೆಚ್ಚಿನ ಪ್ರಕಾಶಕರ ಒಪ್ಪಂದಗಳಲ್ಲೂ ಅವಕಾಶ ಇರುತ್ತದೆ. ವಿಳಾಸ ಎಷ್ಟೋ ಸಲ ಸಾರಾಂಶದ ಪುಟದಲ್ಲೇ ಇರುತ್ತದೆ. ಪತ್ರ ನಾಲ್ಕು ಸಾಲು ಇದ್ದರೆ ಸಾಕು: ನೀವು ಯಾರು, ಯಾವ ಲೇಖನ, ಅದರ ಡಿಒಐ, ಯಾವ ಕೆಲಸಕ್ಕೆ ಬೇಕು. ಉತ್ತರ ಬರದಿದ್ದರೆ ಆ ವಿಳಾಸ ಹಳೆಯದಾಗಿರಬಹುದು, ಅವರ ಈಗಿನ ಸಂಸ್ಥೆಯ ಪುಟ ನೋಡಿ. ಸಹಲೇಖಕರಿಗೂ ಬರೆಯಬಹುದು. ಬಂದ ಪ್ರತಿಯನ್ನು ಮಾತ್ರ ಎಲ್ಲೂ ಅಪ್‌ಲೋಡ್ ಮಾಡಬೇಡಿ. ಅವರು ಕೊಟ್ಟದ್ದು ನಿಮ್ಮ ಓದಿಗೆ.

ಕದ್ದ ಪ್ರತಿಗಳ ತಾಣಗಳಿಗೆ ನಾನು ಯಾರನ್ನೂ ಕಳಿಸುವುದಿಲ್ಲ. ಕಾನೂನಿನ ಮಾತು ಇದ್ದೇ ಇದೆ. ಅದರ ಜೊತೆ, ಲೇಖನವನ್ನು ಜರ್ನಲ್ ಹಿಂತೆಗೆದುಕೊಂಡಿದ್ದರೆ ಅಲ್ಲಿನ ಹಳೆಯ ಪಿಡಿಎಫ್‌ನಲ್ಲಿ ಅದು ಗೊತ್ತಾಗುವುದಿಲ್ಲ. ಪ್ರಿಪ್ರಿಂಟ್ ಓದುವವರಿಗೂ ಈ ಮಾತು ಅನ್ವಯಿಸುತ್ತದೆ. ಉಲ್ಲೇಖಿಸುವ ಮುಂಚೆ ಡಿಒಐ ಒತ್ತಿ ಪ್ರಕಾಶಕರ ಪುಟ ನೋಡಿ. ಆ ಪುಟಕ್ಕೆ ದುಡ್ಡಿಲ್ಲ, ತಿದ್ದುಪಡಿ, ಹಿಂತೆಗೆತದ ಸೂಚನೆ ಅಲ್ಲೇ ಇರುತ್ತದೆ. ನೀವು ಓದಿದ್ದು ಯಾವ ಆವೃತ್ತಿಯೋ ಅದನ್ನೇ ನಮೂದಿಸಿ.

ನಿಮ್ಮದೇ ಲೇಖನ ಒಪ್ಪಿಗೆಯಾದಾಗ ಕೊನೆಯ ತಿದ್ದುಪಡಿಯ ಜೊತೆ ಕಳಿಸಿದ ಕಡತವನ್ನು ಜೋಪಾನವಾಗಿಡಿ. ರೆಪಾಸಿಟರಿಗೆ ಹಾಕಲು ಸಾಮಾನ್ಯವಾಗಿ ಅನುಮತಿ ಇರುವುದು ಅದಕ್ಕೇ, ಪ್ರಕಾಶಕರ ಪಿಡಿಎಫ್‌ಗೆ ಅಲ್ಲ. ನಿಮ್ಮ ಜರ್ನಲ್ ಏನು ಒಪ್ಪುತ್ತದೆ, ಎಷ್ಟು ತಿಂಗಳು ಕಾಯಬೇಕು ಎಂಬುದು ಓಪನ್ ಪಾಲಿಸಿ ಫೈಂಡರ್ ಎಂಬ ತಾಣದಲ್ಲಿ ಸಿಗುತ್ತದೆ. ಮೊದಲು ಇದಕ್ಕೆ ಶೆರ್ಪಾ ರೋಮಿಯೊ ಎಂದು ಹೆಸರಿತ್ತು.