ಇಲಿಯ ಕಾಲಿಗೆ ಕಸಿ ಕಟ್ಟುವುದೇಕೆ?

ಮಂಡಿ ನೋವೆಂದು ಶಿರಸಿಯ ನಮ್ಮ ಓಪಿಡಿಗೆ ಬರುವ ಹೈಸ್ಕೂಲು ಹುಡುಗರಲ್ಲಿ ಹೆಚ್ಚಿನವರದ್ದು ಆಟದ ಪೆಟ್ಟು. ಅಪರೂಪಕ್ಕೊಬ್ಬನದು ಆಸ್ಟಿಯೋಸಾರ್ಕೋಮಾ, ಅಂದರೆ ಎಲುಬಿನಲ್ಲೇ ಹುಟ್ಟುವ ಕ್ಯಾನ್ಸರ್. 10ರಿಂದ 20ರ ಪ್ರಾಯದಲ್ಲಿ, ಎಲುಬು ಸರಸರ ಬೆಳೆಯುವಾಗ, ಮಂಡಿಯ ಆಸುಪಾಸಿನಲ್ಲೇ ಜಾಸ್ತಿ. ಅಂಥ ಹುಡುಗನೊಬ್ಬನ ಅಪ್ಪ ಕೇಳಿದರು: "ಮದ್ದನ್ನ ಮೊದ್ಲು ಇಲಿ ಮೇಲೆ ನೋಡ್ತಾರಂತಲ್ಲ ಡಾಕ್ಟ್ರೇ, ಇಲಿಗೆಲ್ಲಿಂದ ಬಂತು ಈ ಕಾಯಿಲೆ?"

ತಾನಾಗಿ ಬರುವುದು ಕಡಿಮೆ, ಬರಿಸಬೇಕು. ವಿಕಿರಣಶೀಲ ರಂಜಕ-32 ಕೊಟ್ಟ ಇಲಿಯಲ್ಲಿ ಎದ್ದ ಗಡ್ಡೆಯಿಂದಲೇ ಲ್ಯಾಬಿನಲ್ಲಿ ಬೆಳೆಸುವ ಯುಎಂಆರ್-106 ಎಂಬ ಜೀವಕೋಶ ತಳಿ ಬಂದದ್ದು. ಆದರೆ ವಿಕಿರಣದ ದಾರಿ ತಿಂಗಳುಗಟ್ಟಲೆ ಕಾಯಿಸುತ್ತದೆ. ಯಾವ ಇಲಿಗೆ, ಯಾವ ಎಲುಬಿಗೆ, ಯಾವಾಗ ಎಂಬುದು ಕೈಯಲ್ಲಿಲ್ಲ. ಮದ್ದು ತೂಗಿ ನೋಡಲು ಒಂದೇ ದಿನ ಶುರುವಾದ, ಒಂದೇ ಜಾತಿಯ ಗಡ್ಡೆಗಳು ಬೇಕು. ಅದಕ್ಕೇ ಕಸಿ: ಗಡ್ಡೆಯ ಚೂರನ್ನೋ ಕೋಶಗಳನ್ನೋ ತೆಗೆದು ಬೇರೆ ಇಲಿಗಳಿಗೆ ಇಡುವುದು. ಅಂಕೋಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಕರಿ ಇಶಾಡು ಮಾವಿನ ಗೊರಟು ನೆಟ್ಟರೆ ಯಾವ ಹಣ್ಣೋ, ಕಸಿ ಕಟ್ಟಿದರೆ ಅದೇ ಹಣ್ಣು.

ಕಸಿ ಹಿಡಿಯಲು ಮೈ ಒಪ್ಪಬೇಕು. 20 ತಲೆಮಾರು ಒಡಹುಟ್ಟಿದವನ್ನೇ ಕೂಡಿಸಿ ಬೆಳೆಸಿದ ತಳಿಯ ಇಲಿಗಳು ಒಂದರ ಗಡ್ಡೆಯನ್ನು ಇನ್ನೊಂದು ತಳ್ಳುವುದಿಲ್ಲ. ಮನುಷ್ಯರ ಗಡ್ಡೆಯನ್ನೇ ಇಡಬೇಕೆಂದರೆ ಥೈಮಸ್ (ರೋಗನಿರೋಧಕ ಟಿ-ಕೋಶಗಳು ಬಲಿಯುವ ಗ್ರಂಥಿ) ಇಲ್ಲದ 'ನ್ಯೂಡ್' ಇಲಿ ಬೇಕು. ಅದರಲ್ಲಿ ಟಿ-ಕೋಶಗಳ ಪ್ರತಿರೋಧ ಇಲ್ಲವಾದ್ದರಿಂದ ಅವನ್ನು ಕೆರಳಿಸಿ ಕೆಲಸ ಮಾಡುವ ಮದ್ದುಗಳ ಪರೀಕ್ಷೆ ಅಲ್ಲಿ ನಡೆಯದು.

ಎಲ್ಲಿ ಕಸಿ ಮಾಡುತ್ತೀರಿ ಎನ್ನುವುದೇ ಮುಖ್ಯ. ಚರ್ಮದಡಿ ಇಟ್ಟರೆ ಕ್ಯಾಲಿಪರ್ ಹಿಡಿದು ಅಳೆಯುವುದು ಸಲೀಸು, ಆದರೆ ಗಡ್ಡೆ ಬಹುಪಾಲು ಅಲ್ಲೇ ಕೂರುತ್ತದೆ. ಮೊಣಕಾಲ ಕೆಳಗಿನ ಎಲುಬಿನ ಪೊರೆ ಕೆರೆದು ಪಕ್ಕದಲ್ಲಿ ಚೂರನ್ನಿಟ್ಟರೆ, ಇಲ್ಲವೇ ಮಜ್ಜೆಯೊಳಗೇ ಕೋಶ ಬಿಟ್ಟರೆ ಎಕ್ಸ್‌ರೇಯಲ್ಲಿ ನಮ್ಮ ರೋಗಿಗಳದ್ದೇ ಚಿತ್ರ: ಒಂದೆಡೆ ಎಲುಬು ಕರಗಿದೆ, ಇನ್ನೊಂದೆಡೆ ಅಡ್ಡಾದಿಡ್ಡಿ ಹೊಸ ಎಲುಬು. ಮುಂದೆ ಶ್ವಾಸಕೋಶಕ್ಕೂ ಹಬ್ಬಬಹುದು. ನಮಗೆ ಬೇಕಾದದ್ದು ಅದೇ. ಕೀಮೋ ಬರುವ ಮುಂಚೆ, ಕಾಲು ಕತ್ತರಿಸಿದರೂ ಐವರಲ್ಲಿ ನಾಲ್ವರನ್ನು ಕಳೆದುಕೊಳ್ಳುತ್ತಿದ್ದೆವು. ಕೊಲ್ಲುತ್ತಿದ್ದುದು ಎದೆಗೆ ಹಬ್ಬಿದ ಗಡ್ಡೆ.

ಸುಂಡಿಲಿಯೂ ಆಗುತ್ತದೆ. ಆದರೆ 25 ಗ್ರಾಂ ಸುಂಡಿಲಿಗಿಂತ 300 ಗ್ರಾಂ ಇಲಿಯಲ್ಲಿ ಮತ್ತೆ ಮತ್ತೆ ರಕ್ತ ತೆಗೆಯಬಹುದು, ಕಾಲಿನ ಶಸ್ತ್ರಕ್ರಿಯೆಯನ್ನೂ ಮಾಡಿ ನೋಡಬಹುದು.

ಇಲಿಯಲ್ಲಿ ಗಡ್ಡೆ ಕರಗಿತೆಂಬ ಪೇಪರ್ ಸುದ್ದಿಗೆ ನಾನು ಹಿಗ್ಗುವುದಿಲ್ಲ. ಕಸಿಯ ಮೇಲೆ ಕಸಿಯಾದಂತೆ ಬೇಗ ಬೆಳೆಯುವ ಕೋಶಗಳೇ ಉಳಿದು, ಗಡ್ಡೆ ಮೂಲದ ಗುಣ ಬಿಡುತ್ತಾ ಹೋಗುತ್ತದೆ. ಪ್ರಾಯ ಕಳೆದ ಮೇಲೂ ಇಲಿಯ ಬೆಳವಣಿಗೆ ಫಲಕ (ಎಲುಬು ಉದ್ದವಾಗುವ ಜಾಗ) ಪೂರ್ತಿ ಮುಚ್ಚುವುದಿಲ್ಲ. ನಮ್ಮದು ಹರೆಯದ ಕೊನೆಗೆ ಮುಚ್ಚುತ್ತದೆ. ಆ ಅಪ್ಪನಿಗೂ ಇಷ್ಟೇ ಹೇಳಿದೆ: ಇಲಿ ಮದ್ದುಗಳನ್ನು ಜರಡಿ ಹಿಡಿಯುತ್ತದೆ, ಮಗನಿಗೆ ಕೊಡುವುದು ಮನುಷ್ಯರಲ್ಲೇ ಪರೀಕ್ಷೆಯಾಗಿ ಬಂದ ಮದ್ದು.