ಅಪ್ಪನ ಗುರುತು, ಅಮ್ಮನ ಗುರುತು

ಇಲಿಯ ಅಂಡಾಣುವಿಗೆ ವೀರ್ಯಾಣು ಸೇರಿದ ಮೇಲೆ ಕೆಲವು ಗಂಟೆ ಒಳಗೆ ಜೀನ್‌ಗಳನ್ನು ಹೊತ್ತ ಎರಡು ಪುಟ್ಟ ಗುಂಡುಗಳು ಕಾಣುತ್ತವೆ. ಒಂದು ಅಪ್ಪನದು, ಒಂದು ಅಮ್ಮನದು. ಅಪ್ಪನದು ತುಸು ದೊಡ್ಡದು, ಹಾಗಾಗಿ ಮೈಕ್ರೋಸ್ಕೋಪಿನಲ್ಲಿ ಗುರುತು ಹಿಡಿಯಬಹುದು. ಸಪೂರ ಗಾಜಿನ ಕೊಳವೆಯಿಂದ ಒಂದನ್ನು ಹೀರಿ ತೆಗೆದು, ಬೇರೆ ಅಂಡಾಣುವಿನದನ್ನು ಅಲ್ಲಿಡಬಹುದು. ಜೀವವಿಜ್ಞಾನಿ ಅಜೀಂ ಸುರಾನಿ ಅವರಿಗೆ ಹೆಸರು ತಂದಿದ್ದು ಈ ಅದಲುಬದಲು.

ಸುರಾನಿ ಹುಟ್ಟಿದ್ದು 1945ರಲ್ಲಿ, ಕೀನ್ಯಾದ ಕಿಸುಮುವಿನಲ್ಲಿ. ಕೇಂಬ್ರಿಡ್ಜ್‌ನಲ್ಲಿ ಅವರ ಪಿಎಚ್‌ಡಿ ಗುರು ರಾಬರ್ಟ್ ಎಡ್ವರ್ಡ್ಸ್. ಮೊದಲ ಪ್ರನಾಳ ಶಿಶುವಿನ ಹಿಂದಿದ್ದ ಅದೇ ಎಡ್ವರ್ಡ್ಸ್.

1984ರಲ್ಲಿ ಸುರಾನಿ ತಂಡ ಎರಡೂ ಗುಂಡು ಅಮ್ಮನ ಕಡೆಯವೇ ಇರುವ ಅಂಡಾಣು ತಯಾರಿಸಿತು. ಭ್ರೂಣ ಸುಮಾರಾಗಿ ಬೆಳೆಯಿತು, ಮಾಸು ಸೊರಗಿತ್ತು. ಎರಡೂ ಅಪ್ಪನವೇ ಇಟ್ಟರೆ ಉಲ್ಟಾ: ಮಾಸಿನ ಭಾಗ ಬೆಳೆಯಿತು, ಭ್ರೂಣ ಹಿಂದೆ ಬಿತ್ತು. ಮರಿ ಮಾತ್ರ ಎರಡರಲ್ಲೂ ಹುಟ್ಟಲಿಲ್ಲ. ಅದೇ ವರ್ಷ ಅಮೆರಿಕದಲ್ಲಿ ಮೆಕ್‌ಗ್ರಾತ್ ಮತ್ತು ಸೋಲ್ಟರ್ ಕೂಡ ಇದನ್ನೇ ಕಂಡರು. ಜೀನ್‌ಗಳ ಲೆಕ್ಕ ಸರಿಯಾಗೇ ಇತ್ತು, ಅಲ್ವಾ? ಆದರೂ ಕೆಲಸ ಕೆಟ್ಟಿತು. ಅಂದರೆ ಕೆಲವು ಜೀನ್‌ಗಳ ಮೇಲೆ ‘ಇದು ಅಪ್ಪನಿಂದ ಬಂದದ್ದು’, ‘ಇದು ಅಮ್ಮನಿಂದ’ ಎಂಬ ಗುರುತು ಇರಬೇಕು. ಇದಕ್ಕೆ ಇಂಪ್ರಿಂಟಿಂಗ್ ಎಂದು ಹೆಸರಾಯಿತು. 1991ರಲ್ಲಿ ಅಂಥ ಜೀನ್‌ಗಳು ಸಿಗತೊಡಗಿದವು. ಬೆಳವಣಿಗೆಗೆ ವೇಗ ಕೊಡುವ ಐಜಿಎಫ್2 ಎಂಬ ಜೀನ್‌ನಲ್ಲಿ ಅಪ್ಪನ ಪ್ರತಿ ಮಾತ್ರ ಕೆಲಸ ಮಾಡುತ್ತದೆ. ಅದಕ್ಕೆ ಬ್ರೇಕ್ ಹಾಕುವ ಐಜಿಎಫ್2ಆರ್‌ನಲ್ಲಿ ಅಮ್ಮನದು. ಸಂಸಾರದ ಜಗಳ ಅನ್ನಿಸಿದರೆ ತಪ್ಪಿಲ್ಲ.

ಈಗ ಹೊಸ ತೊಡಕು. ಮಗನ ಮೈಯಲ್ಲಿ ಅಮ್ಮನ ಗುರುತೂ ಇದೆ. ಅವನು ವೀರ್ಯಾಣು ತಯಾರಿಸುವಾಗ ಅದು ಹೋಗಿ ಗಂಡಿನ ಗುರುತೇ ಬೀಳಬೇಕು. ಹಳೆಯದನ್ನು ಅಳಿಸುವವರು ಯಾರು, ಎಲ್ಲಿ?

ಉತ್ತರ ಇದ್ದದ್ದು ಮುಂದೆ ವೀರ್ಯಾಣು, ಅಂಡಾಣು ಆಗುವ ಮೂಲ ಕೋಶಗಳಲ್ಲಿ. ಒಂದು ವಾರದ ಇಲಿ ಭ್ರೂಣದಲ್ಲಿ ಇವು ಇರುವುದೇ ಸುಮಾರು 40. ಸುರಾನಿ ತಂಡ ಒಂದೊಂದೇ ಕೋಶ ಬಿಡಿಸಿ ಯಾವ ಜೀನ್ ಚಾಲೂ ಇದೆ ಎಂದು ನೋಡಿತು. 2005ರ ಹೊತ್ತಿಗೆ ಬ್ಲಿಂಪ್1 ಎಂಬ ಜೀನ್ ಕೈಗೆ ಸಿಕ್ಕಿತು. ‘ನೀನು ಸುಮ್ನೆ ಮೈಯ ಕೋಶವಾಗಿ ಹೋಗಬೇಡ’ ಎಂದು ತಡೆಯುವುದು ಇದರ ಕೆಲಸ. ರಕ್ತದ ಕೋಶಗಳಲ್ಲಿ ಮೊದಲೇ ಗೊತ್ತಿದ್ದ ಜೀನ್ ಇಲ್ಲಿ ಸಿಗುತ್ತದೆ ಎಂದು ಯಾರೂ ಕಾದಿರಲಿಲ್ಲ.

ಮನುಷ್ಯರ ಲೆಕ್ಕ ಬೇರೆ. ಈ ಕೋಶಗಳು ಮೂಡುವ ಹೊತ್ತಿಗೆ ಬಸಿರಾಗಿರುವುದು ಎಷ್ಟೋ ಸಲ ತಾಯಿಗೇ ಗೊತ್ತಿರುವುದಿಲ್ಲ. ಅಷ್ಟು ಎಳೆಯ ಭ್ರೂಣ ನೋಡಲು ಸಿಗುವುದು ಕಷ್ಟ. ಹಾಗಾಗಿ ಯಾವ ಬಗೆಯ ಕೋಶವಾಗಿಯೂ ಬೆಳೆಯಬಲ್ಲ ಸ್ಟೆಮ್ ಸೆಲ್‌ಗಳಿಂದಲೇ ಸುರಾನಿ ತಂಡ ಅಂಥ ಕೋಶ ಬೆಳೆಸಿತು. ಇಲ್ಲಿ ಮುಖ್ಯ ಕೀಲಿ ಸಾಕ್ಸ್17 ಎಂಬ ಜೀನ್. ಇಲಿಯಲ್ಲಿ ಈ ಹಂತಕ್ಕೆ ಅದರ ಗೊಡವೆಯೇ ಇಲ್ಲ. 2015ರಲ್ಲಿ ಮನುಷ್ಯ ಭ್ರೂಣದ ಈ ಕೋಶಗಳನ್ನೇ ನೋಡಿದಾಗ ಡಿಎನ್‌ಎ ಮೇಲಿನ ಗುರುತು ಬಹುಪಾಲು ಅಳಿಸಿತ್ತು. ಆದರೆ ಕೆಲವು ಜಾಗಗಳಲ್ಲಿ ಹಾಗೇ ಉಳಿದಿತ್ತು.