ಹಳೇ ಸ್ಕೂಟರು, ದಪ್ಪ ಟೈರು, ಒಂದು ಹಿಟ್ಟಿನ ಉಂಡಿ

ಮಳೆಗಾಲ ಹಿಡಿಯುವ ಮುಂಚೆ ನನ್ನ ಗ್ಯಾರೇಜಿಗೆ ಬರುವ ಹಳೇ ಸ್ಕೂಟರಿನವರ ಬೇಡಿಕೆ ಒಂದೇ ನಮೂನಿ. "ಕಾಕಾ, ಹಿಂದ ದಪ್ಪನ ಟೈರ್ ಹಾಕಿಕೊಡ್ರಿ, ಭಾಳ ಜಾರತೈತಿ." ಹುಡುಗರು ಕಾಕಾ ಅನ್ನುತ್ತಾರೆ, ಅವರ ಅಜ್ಜಂದಿರು ಮಿಸ್ತ್ರಿ ಅನ್ನುತ್ತಿದ್ದರು. ಸ್ಕೂಟರ್ ಮಾತ್ರ ಅದೇ. ಅಜ್ಜ ಹುಬ್ಬಳ್ಳಿಯಿಂದ ಧಾರವಾಡಕ್ಕೆ ದಿನಾ ಡ್ಯೂಟಿಗೆ ಓಡಿಸಿದ ಚೇತಕ್ಕು ಹತ್ತು ವರ್ಷ ಪಡಸಾಲೆಯಲ್ಲಿ ಚಾದರ ಹೊದ್ದು ನಿಂತಿದ್ದು ಈಗ ಮೊಮ್ಮಗನ ಕೈಗೆ ಬಂದಿರುತ್ತದೆ.

ಹೋದ ವರ್ಷ ಬಂದ ಹುಡುಗನೊಬ್ಬ ಕೇಳುವುದಕ್ಕಲ್ಲ, ಹಾಕಿಸಿಕೊಂಡೇ ಬಂದಿದ್ದ. 1986ರ ಚೇತಕ್. ಬೇರೆ ಕಡೆ ಹಿಂದಿನ ಗಾಲಿಗೆ 110/90-10 ಅಳತೆಯ ಟೈರ್ ಏರಿಸಿದ್ದರು. ನೋಡಲಿಕ್ಕೆ ಭರ್ಜರಿ. ಆದರೆ ಗಾಡಿ ತಳ್ಳಿದರೆ ಹಿಂದಿನಿಂದ ಚರ್‌ಚರ್ ಸದ್ದು. ಮಂಡಿಯೂರಿ ಬ್ಯಾಟರಿ ಬೆಳಕು ಬಿಟ್ಟು ನೋಡಿದೆ. ಎಂಜಿನ್ ಕೇಸಿನ ಮೇಲೆ, ಟೈರಿನ ಪಕ್ಕೆ ತಾಗುವ ಜಾಗದಲ್ಲಿ, ಬೆರಳಗಲ ಅಲ್ಯುಮಿನಿಯಂ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದರ ಕೆಳಗೆ ಕಾಡಿಗೆಯಂಥ ಕರಿ ರಬ್ಬರ್ ಪುಡಿ. ಗಾಲಿ ಬಿಚ್ಚಿದಾಗ ಇನ್ನೊಂದು ಕಥೆ ಹೊರಬಂತು. ಬ್ರೇಕ್ ಡ್ರಮ್ಮಿಗೂ ರಿಮ್ಮಿಗೂ ನಡುವೆ ಒಂದೊಂದು ಸ್ಟಡ್ಡಿಗೆ, ಅಂದರೆ ಗಾಲಿ ಹಿಡಿಯುವ ಬೋಲ್ಟಿಗೆ, ಮೂರು ಮೂರು ವಾಷರ್. ಟೈರ್ ತಾಗುತ್ತದೆ ಎಂದು ಗಾಲಿಯನ್ನೇ ಹೊರಗೆ ಸರಿಸಿದ್ದರು. ಅಷ್ಟಾದರೂ ತಾಗುತ್ತಿತ್ತು. ನಟ್ಟುಗಳು ಸ್ಟಡ್ಡಿನ ತುದಿಯ ಎರಡು ಮೂರು ಸುತ್ತು ಮಾತ್ರ ಹಿಡಿದುಕೊಂಡಿದ್ದವು.

"ತಮ್ಮಾ, ಇದರ ಮ್ಯಾಲೆ ಎಷ್ಟು ದಿನ ಅಡ್ಡಾಡೀಯೋ?"

"ಹದಿನೈದ ದಿನ ಆತ್ರಿ. ನಿನ್ನೆ ಗದಗಕ್ಕ ಹೋಗಿ ಬಂದೇನಿ, ಇಬ್ಬರು."

ನಾನು ಏನೂ ಅನ್ನಲಿಲ್ಲ. ಚಹಾ ತರಿಸಿದೆ.

ಬೈಕಿನ ಹಿಂದಿನ ಗಾಲಿ ಎರಡು ತೋಳುಗಳ ನಡುವೆ ಕೂತಿರುತ್ತದೆ, ಅಲ್ಲಿ ಎಡಕ್ಕೂ ಬಲಕ್ಕೂ ಅಷ್ಟಿಷ್ಟು ಜಾಗ ಇರುತ್ತದೆ. ವೆಸ್ಪಾ ಕುಲದ ಸ್ಕೂಟರಿನಲ್ಲಿ, ಅಂದರೆ ಚೇತಕ್, ಸೂಪರ್, ಎಲ್‌ಎಂಎಲ್ ಎಲ್ಲವೂ ಸೇರಿ, ಹಿಂದಿನ ಗಾಲಿ ಒಂದೇ ಕಡೆ ಹಿಡಿತವಿರುವ ಗಾಲಿ. ಗೇರ್‌ಬಾಕ್ಸಿನಿಂದ ಹೊರಬಂದ ಶಾಫ್ಟಿನ ಮೇಲೇ ಡ್ರಮ್, ಡ್ರಮ್ಮಿನ ಮೇಲೇ ರಿಮ್. ಚೈನಿಲ್ಲ, ಬೆಲ್ಟಿಲ್ಲ. ಬಲಗಡೆ ಎಂಜಿನ್ ಕೇಸು ಗಾಲಿಗೆ ಅಂಟಿದಂತೆ ನಿಂತಿರುತ್ತದೆ. ಟೈರ್ 10 ಮಿ.ಮೀ. ಅಗಲವಾಯಿತು ಅಂದರೆ ಎಂಜಿನ್ ಕಡೆಗೆ 5 ಮಿ.ಮೀ. ಹೋಯಿತು, ಮುಗಿಯಿತು. ಹೊರಗೆ ಎಷ್ಟೇ ಜಾಗ ಇದ್ದರೂ ಅದು ಉಪಯೋಗಕ್ಕೆ ಬರುವುದಿಲ್ಲ. ವಾಷರ್ ಹಾಕಿ ಹೊರಗೆ ಎಳೆದರೆ ಹಿಂದಿನ ಗಾಲಿ ಮುಂದಿನ ಗಾಲಿಯ ಸಾಲು ಬಿಡುತ್ತದೆ, ಶಾಫ್ಟಿನ ಬೇರಿಂಗಿಗೆ ಸನ್ನೆಕೋಲಿನ ಭಾರ ಬೀಳುತ್ತದೆ. ಬೇರಿಂಗ್ ಸಡಿಲಾದರೆ ಪಕ್ಕದ ಆಯಿಲ್ ಸೀಲ್ ಹೋಗುತ್ತದೆ, ಸೀಲ್ ಹೋದರೆ ಗೇರ್ ಆಯಿಲ್ ಸೀದಾ ಬ್ರೇಕ್ ಶೂ ಮೇಲೆ. ಟೈರಿನಿಂದ ಶುರುವಾದ ಶೋಕಿ ಬ್ರೇಕಿನಲ್ಲಿ ಬಂದು ನಿಲ್ಲುತ್ತದೆ.

ಈಗ ಅಳತೆಯ ಲೆಕ್ಕ. ಚೇತಕ್ಕಿನ ಮೂಲ ಟೈರ್ 3.50-10. ಅಗಲ ಮೂರೂವರೆ ಇಂಚು, ಅಂದರೆ 89 ಮಿ.ಮೀ. ಒಳಗಿನ ರಿಮ್ 10 ಇಂಚು, 254 ಮಿ.ಮೀ. ಈ ಹಳೇ ನಮೂನಿ ಅಳತೆಯಲ್ಲಿ ಟೈರಿನ ಎತ್ತರ ಹೆಚ್ಚುಕಡಿಮೆ ಅಗಲದಷ್ಟೇ ಎಂದು ಹಿಡಿಯಬೇಕು. ಹಾಗಾಗಿ, ಆ ಎತ್ತರ ಮೇಲೂ ಕೆಳಗೂ ಎರಡು ಸಲ ಸೇರಿ, ಪೂರ್ತಿ ಗಾಲಿಯ ವ್ಯಾಸ ಸುಮಾರು 432. ಹೊಸ ನಮೂನಿಯಲ್ಲಿ 100/90-10 ಅಂದರೆ ಅಗಲ 100, ಎತ್ತರ ಅದರ ಶೇ. 90. ಲೆಕ್ಕ ಹಾಕಿದರೆ ವ್ಯಾಸ 434. ಎರಡೇ ಮಿ.ಮೀ. ವ್ಯತ್ಯಾಸ. ಹಳೇ ಆಕ್ಟಿವಾದಲ್ಲಿ ಬರುತ್ತಿದ್ದ 90/100-10 ಕೂಡ 434ಕ್ಕೇ ಬರುತ್ತದೆ, ಅಗಲವೂ ಹೆಚ್ಚುಕಡಿಮೆ ಮೂಲದ್ದೇ. ಆ ಹುಡುಗನ 110/90 ಮಾತ್ರ 452. ಎರಡು ಸೆಂಟಿಮೀಟರ್ ದೊಡ್ಡ ಗಾಲಿ ಅಂದರೆ ಗೇರ್ ಶೇ. 5ರಷ್ಟು ಉದ್ದವಾದ ಹಾಗೆ. 145 ಸಿಸಿಯ ಎರಡು ಸ್ಟ್ರೋಕಿನ ಎಂಜಿನ್ನು, ಹಿಂದೆ ಒಬ್ಬರು, ಎದುರಿಗೆ ಧಾರವಾಡ ದಾರಿಯ ನವಲೂರಿನ ಏರು. ನಾಲ್ಕನೇ ಗೇರಿನಲ್ಲಿ ಉಬ್ಬಸ ಬರದೆ ಇನ್ನೇನು? ಅದರ ಪತ್ತೆ ಮೀಟರಿನಲ್ಲೂ ಸಿಗುವುದಿಲ್ಲ, ಈ ಸ್ಕೂಟರುಗಳ ಮೀಟರ್ ಕೇಬಲ್ ಇರುವುದು ಮುಂದಿನ ಗಾಲಿಗೆ.

ಇನ್ನು "ದಪ್ಪ ಟೈರಿಗೆ ಹಿಡಿತ ಜಾಸ್ತಿ" ಎಂಬ ಮಾತು. ಪೂರ್ತಿ ಸುಳ್ಳಲ್ಲ, ಆದರೆ ಅರ್ಧದಷ್ಟೂ ನಿಜವಲ್ಲ. ನೆಲಕ್ಕೆ ಒತ್ತುವ ರಬ್ಬರಿನ ಜಾಗ ಎಷ್ಟು ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಮೇಲಿನ ಭಾರ ಮತ್ತು ಒಳಗಿನ ಹವಾ. ಅವೆರಡೂ ಅಷ್ಟೇ ಇದ್ದರೆ ಅಗಲದ ಟೈರಿನಲ್ಲಿ ಆ ಜಾಗದ ಆಕಾರ ಬದಲಾಗುತ್ತದೆಯೇ ಹೊರತು ಅಳತೆ ಬಹಳ ಬೆಳೆಯುವುದಿಲ್ಲ. ಅದೂ ಅಲ್ಲದೆ ನಮ್ಮ ರಿಮ್ಮುಗಳ ಅಗಲ 2.10 ಇಂಚು, 53 ಮಿ.ಮೀ. ಅಷ್ಟು ಕಿರಿದಾದ ರಿಮ್ಮಿಗೆ 110ರ ಟೈರ್ ಕೂರಿಸುವುದೆಂದರೆ ತುಂಬಿದ ಜೋಳದ ಚೀಲದ ಬಾಯಿಯನ್ನು ಹಗ್ಗದಿಂದ ಬಿಗಿದ ಹಾಗೆ. ಬಾಯಿ ಸಣ್ಣದಾಗುತ್ತದೆ, ಹೊಟ್ಟೆ ಉಬ್ಬುತ್ತದೆ. ಟೈರಿನ ನಡುಬೆನ್ನು ಗುಂಡಗಾಗಿ ನೆಲಕ್ಕೆ ನಡುಪಟ್ಟಿ ಮಾತ್ರ ತಾಗುತ್ತದೆ, ಪಕ್ಕದ ಗುಬ್ಬಿಗಳು, ಅಂದರೆ ಟೈರಿನ ಮೇಲಿನ ರಬ್ಬರ್ ಉಬ್ಬುಗಳು, ಹೊಸದಾಗಿಯೇ ಉಳಿಯುತ್ತವೆ. ಆರು ತಿಂಗಳಾದ ಮೇಲೆ ಟೈರ್ ನೋಡಿದರೆ ಗೊತ್ತಾಗುತ್ತದೆ, ರೊಕ್ಕ ಎಲ್ಲಿ ಹೋಯಿತು ಎಂದು.

ನಾನೂ ಈ ತಪ್ಪು ಮಾಡಿದವನೇ. ಕೈಗೆ ಪಾನಾ (ಸ್ಪ್ಯಾನರ್) ಬಂದ ಹೊಸತರಲ್ಲಿ ನವಲಗುಂದದ ಕಡೆಯ ರೈತರೊಬ್ಬರು 8 ಇಂಚಿನ ಗಾಲಿಯ ಹಳೇ ಬಜಾಜ್ ತಂದಿದ್ದರು. ಅದರ ಟೈರ್ 3.50-8. ಆಟೋರಿಕ್ಷಾದ್ದು 4.00-8. ರಿಮ್ ಒಂದೇ ಅಳತೆ, ಆಟೋ ಟೈರ್ ಎಲ್ಲಿ ಬೇಕಾದರೂ ಸಿಗುತ್ತದೆ, ಬಾಳಿಕೆಯೂ ಹೆಚ್ಚು. ಹಾಕಿಬಿಟ್ಟೆ. ಗಟ್ಟಿ ನೆಲದ ಮೇಲೆ ನಾಲ್ಕು ಸುತ್ತು ಹೊಡೆದು ಖುಷಿಯಾಗಿ ಕಳಿಸಿದೆ. ಮೊದಲ ಮಳೆಗೆ ಅವರು ಎರೆ ಹೊಲದ ದಾರಿಗೆ ಇಳಿದಿದ್ದಾರೆ. ನಮ್ಮ ಎರೆಮಣ್ಣು ಹಸಿಯಾದರೆ ಎಂಥ ಅಂಟು ಅಂತ ಆ ಕಡೆಯವರಿಗೆ ಹೇಳಬೇಕಾಗಿಲ್ಲ. ಟೈರ್ ಹೊತ್ತು ತಂದ ಮಣ್ಣು ಮಡ್‌ಗಾರ್ಡಿನೊಳಗೆ ಸುತ್ತು ಸುತ್ತಾಗಿ ಮೆತ್ತಿಕೊಂಡಿತು. ಸುಮಾರು ಅರ್ಧ ಇಂಚು ಹೆಚ್ಚು ಎತ್ತರದ ಟೈರ್ ಹಾಕಿದ್ದರಿಂದ ಮೇಲೆ ಮೊದಲೇ ಜಾಗ ಇರಲಿಲ್ಲ. ಅರ್ಧ ಕಿಲೋಮೀಟರಿನಲ್ಲಿ ಗಾಲಿ ಹೂತಿಟ್ಟ ಹಾಗೆ ಬಿಗಿಯಿತು. ಬಾರಕೋಲಿನ ಕಟ್ಟಿಗೆಯಿಂದ ಮಣ್ಣು ಕೆದರುತ್ತ, ತಳ್ಳುತ್ತ, ರಾತ್ರಿ ಮನೆ ಮುಟ್ಟಿದರಂತೆ. ಮರುವಾರ ಬಂದು, "ಮಿಸ್ತ್ರಿ, ನಿಮ್ಮ ಟೈರು ನಿಮಗ ಇರ್ಲಿ" ಅಂದರು. ಅವತ್ತಿನಿಂದ ಯಾರು ಬಂದರೂ ಮೊದಲು ಕೇಳುವ ಪ್ರಶ್ನೆ: ಗಾಡಿ ಎಲ್ಲಿ ಓಡ್ತೈತಿ? ಗೋಕುಲ ರೋಡಿನಿಂದ ವಿದ್ಯಾನಗರಕ್ಕೆ ಓಡುವ ಗಾಡಿಗೂ ಅಣ್ಣಿಗೇರಿಯ ಹೊಲಕ್ಕೆ ಇಳಿಯುವ ಗಾಡಿಗೂ ಉತ್ತರ ಬೇರೆ.

ಎರಡನೆಯ ಪ್ರಶ್ನೆ: ಜಾರುತ್ತದೆಯೋ, ಅಲ್ಲಾಡುತ್ತದೆಯೋ? ಬಹಳ ಮಂದಿ ಎರಡಕ್ಕೂ ಒಂದೇ ಮಾತು ಬಳಸುತ್ತಾರೆ. ಸ್ಟ್ಯಾಂಡ್ ಹಾಕಿ ಹಿಂದಿನ ಗಾಲಿಯನ್ನು ಮೇಲೂ ಕೆಳಗೂ ಹಿಡಿದು ಅಡ್ಡಡ್ಡ ಅಲುಗಾಡಿಸಿ. ಗಾಲಿಯ ಜೊತೆ ಎಂಜಿನ್ ಪೂರ್ತಿ ಓಲಾಡಿದರೆ, ಎಂಜಿನನ್ನು ಗಾಡಿಯ ಬಾಡಿಯಲ್ಲಿ ಕೂರಿಸುವ ಉದ್ದ ಬೋಲ್ಟಿನ ರಬ್ಬರ್ ಬುಷ್ ಸತ್ತಿವೆ. ಎಂಜಿನ್ ನಿಂತಲ್ಲೇ ನಿಂತು ಗಾಲಿ ಮಾತ್ರ ಆಡಿದರೆ ಶಾಫ್ಟಿನ ಬೇರಿಂಗ್ ಅಥವಾ ಡ್ರಮ್ಮಿನ ದೊಡ್ಡ ನಟ್ಟು. ಎರಡೂ ಗಟ್ಟಿ ಇದ್ದರೆ ಗಾಲಿ ತಿರುಗಿಸಿ ಪಕ್ಕದಲ್ಲಿ ಒಂದು ಕಡ್ಡಿ ಹಿಡಿಯಿರಿ, ರಿಮ್ ಸೊಟ್ಟಗಿದ್ದರೆ ಅದೇ ಹೇಳುತ್ತದೆ. ಅದೂ ಸರಿ ಇದ್ದರೆ ಟೈರಿನ ವಯಸ್ಸು ನೋಡಿ. ಪಕ್ಕೆಯ ಮೇಲೆ ನಾಲ್ಕು ಅಂಕಿ ಇರುತ್ತವೆ: 2314 ಅಂದರೆ 2014ರ 23ನೇ ವಾರ. ಪಡಸಾಲೆಯಲ್ಲಿ ನಿಂತ ಗಾಡಿಯ ಟೈರಿನಲ್ಲಿ ಗುಬ್ಬಿ ತುಂಬಾ ಇರುತ್ತದೆ, ರಬ್ಬರ್ ಮಾತ್ರ ಕಟ್ಟಿಗೆ. ಹೆಬ್ಬೆರಳಿನ ಉಗುರು ಒತ್ತಿದರೆ ಗುರುತೇ ಮೂಡುವುದಿಲ್ಲ. ಅದು ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಜಾರದೆ ಇರುತ್ತದೆಯೇ?

ಈ ಹುಡುಗನ ಗಾಡಿಯಲ್ಲಿ ಬುಷ್ ಹೋಗಿದ್ದವು. 110ರ ಟೈರ್ ಬಿಚ್ಚಿ, ಬುಷ್ ಹೊಸವು ಹಾಕಿ, ಹೊಸ 3.50-10 ಏರಿಸಿ, ಹವಾ ಸರಿ ಮಾಡಿದೆ. ಮುಂದೆ 18, ಹಿಂದೆ ಒಬ್ಬರೇ ಇದ್ದರೆ 25, ಇಬ್ಬರಿದ್ದರೆ 36 ಪೌಂಡ್. ಪಂಚರ್ ಅಂಗಡಿಯಲ್ಲಿ ಮುಂದೆ ಹಿಂದೆ ಎರಡಕ್ಕೂ 30 ಹಾಕಿ ಕಳಿಸುವುದು ನಮ್ಮಲ್ಲಿ ರೂಢಿ. ಅಷ್ಟು ಹವಾ ಇಟ್ಟರೆ ಮುಂದಿನ ಗಾಲಿ ಚೆಂಡಿನಂತೆ ಪುಟಿಯುತ್ತದೆ. "ಒಂದ ತಿಂಗಳು ಓಡ್ಸು, ಆಮ್ಯಾಲೆ ಬಾ" ಅಂದೆ. ತಿಂಗಳಿಗೆ ಸರಿಯಾಗಿ ಬಂದ. ಗಾಡಿ ನೆಟ್ಟಗೆ ಓಡುತ್ತಿದೆ, ಅಲ್ಲಾಟ ಇಲ್ಲ. "ಆದ್ರೂ ಕಾಕಾ, ಹಿಂದಿಂದ ನೋಡಿದ್ರ ಭಾಳ ಸಣಕಲ ಕಾಣತೈತ್ರಿ."

ಚಂದ ಕಾಣಬೇಕು ಅಂತ ಕೇಳುವುದು ತಪ್ಪಲ್ಲ. ಅದಕ್ಕೆ ಹಿಡಿತದ ನೆಪ ಬೇಡ, ಅಷ್ಟೇ. ಇದು ಕಾಯದೆ ಪ್ರಕಾರದ ವಿಂಟೇಜ್ ಗಾಡಿಯೂ ಅಲ್ಲ. 2021ರ ನಿಯಮದಂತೆ ಅದಕ್ಕೆ ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಮೂಲರೂಪವೂ ಉಳಿದಿರಬೇಕು. 1972ರಲ್ಲಿ ಬಂದ ಮೊದಮೊದಲ ಚೇತಕ್ಕುಗಳು ಈಗಷ್ಟೇ ಆ ಹೊಸ್ತಿಲು ದಾಟಿವೆ. ಅಂಥದ್ದು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಮೂಲ ಅಳತೆಯ ಟೈರನ್ನೇ ಹಾಕಿ.

ಹುಡುಗನಿಗೆ 100/90-10 ಎಂದು ಒಪ್ಪಿದೆ, ಅದೂ ಅಳೆದ ಮೇಲೆ. ಒಂದೇ ಅಳತೆ ಬರೆದ ಟೈರುಗಳಲ್ಲೂ ಕಂಪನಿಯಿಂದ ಕಂಪನಿಗೆ ಎರಡು ಮೂರು ಮಿ.ಮೀ. ಹೆಚ್ಚುಕಡಿಮೆ ಇರುತ್ತದೆ, ಆದ್ದರಿಂದ ಕಾಗದದ ಲೆಕ್ಕ ನಂಬುವಂತಿಲ್ಲ. ನನ್ನ ಸಾಧನ ಹಿಟ್ಟಿನ ಉಂಡಿ. ಪಕ್ಕದ ಖಾನಾವಳಿಯಿಂದ ಚಪಾತಿ ಹಿಟ್ಟು ತರಿಸುತ್ತೇನೆ (ಜೋಳದ ಹಿಟ್ಟು ನಡೆಯುವುದಿಲ್ಲ, ಬಿರಿಯುತ್ತದೆ). ಟೈರಿಗೆ ಹವಾ ತುಂಬಿ, ಗಾಲಿ ಕೂರಿಸುವ ಮುಂಚೆ ಎಂಜಿನ್ ಕೇಸಿನ ಉಬ್ಬಿದ ಜಾಗಕ್ಕೆ ಉಂಡಿ ಒತ್ತಬೇಕು. ಟೈರಿನ ಪಕ್ಕೆಗೆ ಎಣ್ಣೆ ಸವರಿ ಗಾಲಿ ಬಿಗಿದು, ಒಂದು ಸುತ್ತು ನಿಧಾನ ತಿರುಗಿಸಿ, ಬಿಚ್ಚಿ, ಚಪ್ಪಟೆಯಾದ ಹಿಟ್ಟಿಗೆ ಸೂಜಿ ಚುಚ್ಚಿ ದಪ್ಪ ನೋಡುವುದು. 4 ಮಿ.ಮೀ.ಗಿಂತ ಕಡಿಮೆ ಬಂದರೆ ನಾನು ಹಾಕುವುದಿಲ್ಲ. ಹೊಸ ನೈಲಾನ್ ಟೈರ್ ಓಡಿದಂತೆ ಸ್ವಲ್ಪ ಹಿಗ್ಗುತ್ತದೆ, ಬಿಸಿಲಲ್ಲಿ ಇನ್ನಷ್ಟು.

ಈ ಸಂದಿ ಒಂದು ಸಲ ಅಳೆದರೆ ಸಾಕು. ಎಂಜಿನ್ನೂ ಗಾಲಿಯೂ ಒಟ್ಟಿಗೇ ಮೇಲೆ ಕೆಳಗೆ ಆಡುವುದರಿಂದ ಗುಂಡಿಗೆ ಬಿದ್ದರೂ ಅದು ಬದಲಾಗುವುದಿಲ್ಲ. ಬದಲಾಗುವುದು ಬಾಡಿಯ ಕಡೆಯ ಸಂದಿ. ಅದಕ್ಕೆ ಹಿಂದಿನ ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟ್ ಬಿಚ್ಚಿ, ಜಾಕ್ ಕೊಟ್ಟು ಎಂಜಿನನ್ನು ಪೂರ್ತಿ ಮೇಲೆತ್ತಿ ನೋಡಬೇಕು. ಇಬ್ಬರು ಕೂತು ಗುಂಡಿಗೆ ಇಳಿದಾಗ ಗಾಲಿ ಎಲ್ಲಿರುತ್ತದೋ ಅದು ಅಲ್ಲಿ ಕಾಣುತ್ತದೆ.

ಟೈರ್ ಏರಿಸುವಾಗ ಒಂದು ಎಚ್ಚರ, ಇದನ್ನು ಮನೆಯಲ್ಲಿ ಮಾಡುವವರಿಗಾಗಿ ಹೇಳುತ್ತೇನೆ. ಚೇತಕ್ಕಿನ ರಿಮ್ ಎರಡು ಹೋಳು. ಡ್ರಮ್ಮಿಗೆ ಹಿಡಿಯುವ ಐದು ನಟ್ಟು ಬೇರೆ, ಹೋಳುಗಳನ್ನು ಹಿಡಿಯುವ ಐದು ನಟ್ಟು ಬೇರೆ. ಎಲ್ಲಕ್ಕೂ 13ರ ಪಾನಾನೇ. ಹವಾ ಪೂರ್ತಿ ಬಿಡದೆ ಹೋಳಿನ ನಟ್ಟು ಸಡಿಲಿಸಿದರೆ ರಿಮ್ ಸಿಡಿದು ಬರುತ್ತದೆ. ವಾಲ್ವಿನ ಒಳಗಿನ ಪಿನ್ನೇ ತೆಗೆದು ಕೆಲಸ ಶುರು ಮಾಡಿ. ಬಿಚ್ಚುವ ಮುಂಚೆ ಯಾವ ಹೋಳು ಎಂಜಿನ್ ಕಡೆ ಇತ್ತು ಅಂತ ಸೀಮೆಸುಣ್ಣದ ಗುರುತು ಹಾಕಿ. ತಿರುಗಾ ಜೋಡಿಸುವಾಗ ಟ್ಯೂಬಿಗೆ ಪೌಡರ್ ಹಚ್ಚಿ, ಅದು ಗುಂಡಗಾಗುವಷ್ಟು ಮಾತ್ರ ಹವಾ ಕೊಟ್ಟು, ಆಮೇಲೆ ಎದುರುಬದುರಾಗಿ ನಟ್ಟು ಬಿಗಿಯಬೇಕು. ಸೊರಗಿದ ಟ್ಯೂಬ್ ಹಾಕಿದರೆ ಅದರ ಮಡಿಕೆ ಎರಡು ಹೋಳಿನ ನಡುವೆ ಸಿಕ್ಕಿ, ಎಂಟು ದಿನಕ್ಕೆ ಪಂಚರ್. ಟ್ಯೂಬ್‌ಲೆಸ್ ಟೈರ್ ತಂದರೂ ಈ ರಿಮ್ಮಿಗೆ ಟ್ಯೂಬ್ ಬೇಕೇ ಬೇಕು, ಹೋಳುಗಳ ಸಂದಿಯಲ್ಲಿ ಹವಾ ನಿಲ್ಲುವುದಿಲ್ಲ.

ಹುಡುಗನ ಗಾಡಿಯಲ್ಲಿ ಸೂಜಿ ನಾಲ್ಕೂವರೆ ತೋರಿಸಿತು. ಹಾಕಿಕೊಟ್ಟೆ. ಹೋಗುವಾಗ ಸ್ಟೆಪ್ನಿಗೂ ಅದೇ ದಪ್ಪ ಟೈರ್ ಹಾಕಿಕೊಡಿ ಅಂದ. ಅದಕ್ಕೆ ಮಾತ್ರ ಒಪ್ಪಲಿಲ್ಲ. ಈ ಸ್ಕೂಟರಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದೇ ಸ್ಟೆಪ್ನಿ. ಮೂರು ಗಾಲಿ, ಒಂದೇ ಅಳತೆ. ಹಿಂದಿನದು ಸವೆದರೆ ಮುಂದಕ್ಕೆ, ಮುಂದಿನದು ಸ್ಟೆಪ್ನಿಗೆ ಅಂತ ತಿರುಗಿಸಿ ತಿರುಗಿಸಿ ನಮ್ಮ ಹಿರಿಯರು ಒಂದು ಸೆಟ್ಟನ್ನು ವರ್ಷಗಟ್ಟಲೆ ಬಾಳಿಸಿದರು. ಹಿಂದೆ ಬೇರೆ ಅಳತೆ ಹಾಕಿದ ದಿನವೇ ಆ ಸರದಿ ಮುರಿಯಿತು. ಆದರೂ 3.50ರ ಸ್ಟೆಪ್ನಿ ಎರಡೂ ಕಡೆ ಕೂರುತ್ತದೆ, ವ್ಯಾಸದಲ್ಲಿ ಎರಡು ಮಿ.ಮೀ. ವ್ಯತ್ಯಾಸ ಯಾರಿಗೂ ತಿಳಿಯುವುದಿಲ್ಲ. 100/90 ಮುಂದಿನ ಮಡ್‌ಗಾರ್ಡಿನ ಕೆಳಗೆ ಹೋಗಿ ಕೂರುವ ಭರವಸೆ ಇಲ್ಲ. ರಾತ್ರಿ ಹೊತ್ತು ಕುಸುಗಲ್ ದಾಟಿದ ಮೇಲೆ ಮುಂದಿನ ಗಾಲಿ ಪಂಚರ್ ಆದರೆ ಏನು ಮಾಡುತ್ತಾನೆ?

ಹಾಗಾಗಿ ತಿಂಗಳ ಹಿಂದೆ ಹಾಕಿದ್ದ 3.50-10 ಅನ್ನೇ ಸ್ಟೆಪ್ನಿಗೆ ಏರಿಸಿದೆ. ಹವಾ 36 ತುಂಬಿದೆ. ಹಿಂದೆ ಹಾಕಿದರೆ ಇಬ್ಬರಿಗೂ ಸಾಕು. ಮುಂದೆ ಹಾಕಬೇಕಾಗಿ ಬಂದರೆ 18ಕ್ಕೆ ಇಳಿಸಲು ದಾರಿಯಲ್ಲಿ ಪಂಪು ಹುಡುಕಬೇಕಾಗಿಲ್ಲ, ಒಂದು ಕಡ್ಡಿಪೆಟ್ಟಿಗೆಯ ಕಡ್ಡಿ ಸಾಕು.